ಪವರ್ ಸ್ಟೇರಿಂಗ್ ಎಣ್ಣೆ ಸೋರಿಕೆ: ಒಂಬತ್ತು ವಾರಗಳ ದುರಸ್ತಿ ದಾಖಲೆ

ನಮ್ಮದು 2009ರ ಮಾದರಿಯ ಡೀಸೆಲ್ ಕಾರು. ಇದುವರೆಗೆ 1,63,000 ಕಿ.ಮೀ. ಓಡಿದೆ. ಈಗಿನ ಸಣ್ಣ ಕಾರುಗಳಲ್ಲಿರುವಂತೆ ವಿದ್ಯುತ್ ಮೋಟಾರಿನ ಸ್ಟೇರಿಂಗ್ ಇದಕ್ಕಿಲ್ಲ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು, ಪಂಪಿನಿಂದ ಗಾಲಿಗಳನ್ನು ಎಡಬಲಕ್ಕೆ ತಿರುಗಿಸುವ ಹಲ್ಲಿನ ಸರಳಿನ ಜೋಡಣೆಯಾದ ರ‍್ಯಾಕಿಗೆ ಇಳಿಯುವ ಒತ್ತಡದ ಹೋಸ್, ರ‍್ಯಾಕಿನಿಂದ ಎಣ್ಣೆಯ ಡಬ್ಬಿಗೆ ಮರಳುವ ರಿಟರ್ನ್ ಹೋಸ್, ಇವುಗಳೊಳಗೆ ಸುಮಾರು ಒಂದು ಲೀಟರ್ ಕೆಂಪು ಎ.ಟಿ.ಎಫ್. (ಆಟೋಮ್ಯಾಟಿಕ್ ಗೇರುಗಳಿಗೆಂದು ಮಾಡಿದ, ಸ್ಟೇರಿಂಗಿಗೂ ಬಳಸುವ) ಎಣ್ಣೆ ಸುತ್ತುತ್ತಿರುತ್ತದೆ. ಮನೆ ಹುಬ್ಬಳ್ಳಿಯ ಉಣಕಲ್ಲಿನಲ್ಲಿದ್ದು, ಕೆಲಸದ ನಿಮಿತ್ತ ವಾರಕ್ಕೆ ಎರಡು ಸಲ ಅಣ್ಣಿಗೇರಿ ದಾಟಿ ಗದಗಿಗೆ ಹೋಗಿಬರಬೇಕಾಗುತ್ತದೆ. ನಾನು ಮಿಸ್ತ್ರಿ ಅಲ್ಲ. ರವಿವಾರ ಪಾನಾ ಹಿಡಿಯುವ ಹವ್ಯಾಸ ಉಳ್ಳವನು. ಆದ್ದರಿಂದ ಕೆಳಗಿನ ದಾಖಲೆಯಲ್ಲಿ ಸರಿಯಾದ ಕೆಲಸಕ್ಕಿಂತ ತಪ್ಪಿದ ಕೆಲಸವೇ ಹೆಚ್ಚು ಜಾಗ ಹಿಡಿದಿದೆ.

ಜೂನ್ 9, 2024, ರವಿವಾರ

ಕಾರು ನಿಲ್ಲುವ ಜಾಗದ ಶಹಾಬಾದ್ ಫರಸಿಯ ಮೇಲೆ, ಚಾಲಕನ ಬದಿಯ ಮುಂದಿನ ಗಾಲಿಯ ಹಿಂದುಗಡೆ, ಐದು ರೂಪಾಯಿ ನಾಣ್ಯದಷ್ಟು ಅಗಲದ ಎರಡು ಕಲೆಗಳು ಕಂಡವು. ಎ.ಸಿ. ನೀರಾಗಿದ್ದರೆ ಒಣಗಿ ಹೋಗಬೇಕಿತ್ತು, ಎಂಜಿನ್ ಎಣ್ಣೆಯಾಗಿದ್ದರೆ ಕಪ್ಪಗಿರಬೇಕಿತ್ತು, ರೇಡಿಯೇಟರಿನ ಕೂಲೆಂಟ್ ಆಗಿದ್ದರೆ ನಮ್ಮ ಕಾರಿನಲ್ಲಿ ಅದು ಹಸಿರು. ಬಿಳಿ ಕಾಗದಕ್ಕೆ ಒತ್ತಿ ನೋಡಿದಾಗ ಅಂಚಿನಲ್ಲಿ ಕೆಂಪು ಛಾಯೆ ಮೂಡಿತು. ಬಾನೆಟ್ ತೆರೆದರೆ ಸ್ಟೇರಿಂಗ್ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಒಂದು ವಾರದಿಂದ ಬೆಳಗ್ಗೆ ಗೇಟಿನ ಹೊರಗೆ ಹಿಂದಕ್ಕೆ ತೆಗೆಯುವಾಗ ಸ್ಟೇರಿಂಗ್ ಎಮ್ಮೆ ನರಳಿದಂತೆ ಸದ್ದು ಮಾಡುತ್ತಿತ್ತು. ಅದನ್ನು ನಾನು ಹಳೆಯ ಬೆಲ್ಟಿನ ಸದ್ದೆಂದು ತಿಳಿದು ಸುಮ್ಮನಿದ್ದೆ. ಇದು ಮೊದಲ ತಪ್ಪು.

ಔಷಧಿ ಅಂಗಡಿಯಿಂದ 50 ಮಿ.ಲೀ. ಸಿರಿಂಜನ್ನು 40 ರೂಪಾಯಿಗೆ ತಂದು, ಮೇಲಿನ ಗೆರೆ ಮುಟ್ಟುವವರೆಗೆ ಅಳೆದು ತುಂಬಿದೆ, 110 ಮಿ.ಲೀ. ಹಿಡಿಯಿತು. ಸಂಜೆ ಒಂದು ಸುತ್ತು ಓಡಿಸಿ ಬಂದು, ಎಂಜಿನ್ನಿನ ಕೆಳಗೆ ಹಳೆಯ ದಿನಪತ್ರಿಕೆಗಳನ್ನು ಹಾಸಿ ಮೇಲೆ ಸಮಯ ಬರೆದಿಟ್ಟೆ. ಮೊದಲ ಒಂದು ಗಂಟೆಯಲ್ಲಿ ಮೂರು ಹನಿ ಬಿದ್ದವು. ಆಮೇಲೆ ಬೆಳಗಿನವರೆಗೂ ಒಂದೂ ಬೀಳಲಿಲ್ಲ. ಡಬ್ಬಿಯ ಬದಿಯ ಹೋಸ್ ಸೋರುತ್ತಿದ್ದರೆ ಗಾಡಿ ನಿಂತಾಗಲೂ ಎಣ್ಣೆ ಇಳಿಯುತ್ತಲೇ ಇರಬೇಕು. ಎಂಜಿನ್ ನಿಂತೊಡನೆ ಸೋರಿಕೆಯೂ ನಿಲ್ಲುವುದೆಂದರೆ ಅದು ಒತ್ತಡದ ಬದಿಯದ್ದು. ಈ ಸುಳಿವು ಮೊದಲ ರಾತ್ರಿಯೇ ನನ್ನ ಕೈಯಲ್ಲಿತ್ತು. ಅದನ್ನು ಓದಿಕೊಳ್ಳಲು ನನಗೆ ಐದು ವಾರ ಹಿಡಿಯಿತು.

ಜೂನ್ 11

ಹತ್ತಿರದ ಗ್ಯಾರೇಜಿಗೆ ಒಯ್ದೆ. ಕಾರನ್ನು ಲಿಫ್ಟಿಗೆ ಏರಿಸಿ ಕೆಳಗಿನಿಂದ ಟಾರ್ಚ್ ಬಿಟ್ಟರು. ರ‍್ಯಾಕಿನ ಬಲ ತುದಿಯನ್ನು ಮುಚ್ಚುವ ರಬ್ಬರ್ ಕವಚ, ಎಂದರೆ ಬೂಟು, ಎಣ್ಣೆಯಿಂದ ತೊಯ್ದಿತ್ತು. ಅದಕ್ಕೆ ಎರಿಮಣ್ಣು ಮೆತ್ತಿಕೊಂಡು ಹದವಾದ ಕಪ್ಪು ಲೇಪವಾಗಿತ್ತು. “ಸರ, ರ‍್ಯಾಕಿನ ಸೀಲ್ ಹೋಗ್ಯಾವ್ರಿ. ರಿಪೇರಿ ಮಾಡಿದ್ರ ನಿಲ್ಲೂದಿಲ್ಲ, ಪೂರ್ತಿ ರ‍್ಯಾಕ್ ಹಾಕಿಸಿಬಿಡ್ರಿ” ಎಂದರು. ಅಂದಾಜು 16,500 ರೂಪಾಯಿ, ಗಾಲಿಗಳ ಅಲೈನ್‌ಮೆಂಟ್ ಬೇರೆ. ನೋಡಿದ್ದಕ್ಕೆ 300 ಕೊಟ್ಟು ಬಂದೆ. ಅವರು ಮೋಸ ಮಾಡಿದರೆಂದು ನಾನು ಹೇಳಲಾರೆ. ತೊಯ್ದ ಬೂಟನ್ನು ನೋಡಿದ ಯಾರೂ ಅದನ್ನೇ ಹೇಳುತ್ತಿದ್ದರು. ಆದರೆ ಬೂಟನ್ನು ಬಿಚ್ಚಿ ಒಳಗೆ ನೋಡಿರಲಿಲ್ಲ, ಅಷ್ಟೇ.

ಜೂನ್ 16

ಅಗ್ಗದ್ದರಿಂದ ಶುರು ಮಾಡಬೇಕೆಂಬ ಲೆಕ್ಕದಲ್ಲಿ ರಿಟರ್ನ್ ಹೋಸಿನ ಎರಡು ಹಳೆಯ ಕ್ಲಿಪ್ಪುಗಳನ್ನು ತೆಗೆದು, ಸ್ಕ್ರೂ ತಿರುಗಿಸಿ ಬಿಗಿಯುವ ಹೊಸ ಕ್ಲಿಪ್ಪುಗಳನ್ನು ಹಾಕಿದೆ. ಬೆಲೆ ಎರಡಕ್ಕೆ 60 ರೂಪಾಯಿ. ಹದಿನೈದು ವರ್ಷದ ರಬ್ಬರು ಗಟ್ಟಿಯಾಗಿತ್ತು. ನಾನು ಬಿಗಿದ ರಭಸಕ್ಕೆ ಕ್ಲಿಪ್ಪಿನ ಅಂಚು ಹೋಸಿನೊಳಗೆ ಕೊರೆದು ಇಳಿಯಿತು. ನಾಲ್ಕು ದಿನ ಫರಸಿ ಒಣಗಿತ್ತು, ಏಕೆಂದರೆ ಆ ನಾಲ್ಕು ದಿನ ಕಾರನ್ನು ಬಹಳ ಓಡಿಸಿರಲಿಲ್ಲ. ಗದಗಿಗೆ ಹೋಗಿ ಬಂದ ದಿನ ಹಳೆಯ ಜಾಗದಲ್ಲಿ ಹನಿ ಕಂಡಿತು. ಅದರ ಜೊತೆಗೆ, ನಾನೇ ಕೊರೆದ ಹೋಸಿನ ತುದಿಯೂ ಜಿನುಗತೊಡಗಿತ್ತು.

ಜೂನ್ 23: ನೀರಿನ ಹೋಸು, ಎಣ್ಣೆಗೆ

ಈ ದಾಖಲೆಯ ಅತ್ಯಂತ ಮೂರ್ಖ ಪುಟ ಇದು. ಕೊರೆದ ಹೋಸನ್ನು ಬದಲಿಸಲು ಬಿಡಿಭಾಗದ ಅಂಗಡಿಯಲ್ಲಿ “ಒಳಗಿನ ಅಳತೆ ಮೂರೆಂಟಂಶ ಇಂಚಿನ ರಬ್ಬರ್ ಪೈಪು ಕೊಡಿ” ಎಂದಷ್ಟೇ ಕೇಳಿದೆ. ಯಾತಕ್ಕೆ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊಟ್ಟದ್ದು ಹೀಟರಿಗೆ ಬಿಸಿನೀರು ಒಯ್ಯುವ ಹೋಸು. ಮೀಟರಿಗೆ 140 ರೂಪಾಯಿ. ನೋಡಲು ಎರಡೂ ಒಂದೇ ಬಗೆಯ ಕಪ್ಪು. ಆದರೆ ನೀರಿನ ಹೋಸುಗಳನ್ನು ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ ರಬ್ಬರಿನಿಂದ ಮಾಡಿರುತ್ತಾರೆ. ಅದು ನೀರಿಗೂ ಬಿಸಿಗೂ ತಾಳಿಕೊಳ್ಳುತ್ತದೆ, ಖನಿಜ ಎಣ್ಣೆಗೆ ಮಾತ್ರ ತಾಳದೆ ಅದನ್ನು ಹೀರಿ ಊದಿಕೊಳ್ಳುತ್ತದೆ. ಹತ್ತನೆಯ ದಿನ, ಜುಲೈ 3ರಂದು, ಬಾನೆಟ್ ತೆರೆದಾಗ ಹೋಸು ಕ್ಲಿಪ್ಪಿನ ಎರಡೂ ಬದಿಗೆ ಉಬ್ಬಿ, ಬೆರಳಿನಿಂದ ಒತ್ತಿದರೆ ನೆನೆದ ಚರ್ಮದಂತೆ ಮೆತ್ತಗಾಗಿತ್ತು. ದಾರಿಯಲ್ಲಿ ಕಳಚಿಕೊಂಡಿದ್ದರೆ ಎಣ್ಣೆ ಪೂರ್ತಿ ಖಾಲಿಯಾಗಿ, ಸ್ಟೇರಿಂಗ್ ಕಲ್ಲಿನಂತೆ ಬಿಗಿಯಾಗುತ್ತಿತ್ತು, ಒಣ ಪಂಪೂ ಕೆಡುತ್ತಿತ್ತು.

ಜುಲೈ 7: ಮೊದಲು ತೊಳೆಯುವ ಕೆಲಸ

ಈ ಸಲ ಎ.ಟಿ.ಎಫ್. ಎಣ್ಣೆಗೆ ಎಂದು ಹೆಸರಿಟ್ಟು ಕೇಳಿ, ಎಣ್ಣೆ ತಾಳುವ ನೈಟ್ರೈಲ್ ಒಳಪದರದ ಹೋಸು ತಂದೆ. ಮೀಟರಿಗೆ 320 ರೂಪಾಯಿ. ಕ್ಲಿಪ್ಪನ್ನು ಹೋಸು ಕೈಯಿಂದ ತಿರುಗದಷ್ಟು ಮಾತ್ರ ಬಿಗಿದೆ.

ಹಳೆಯ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದುದರಿಂದ ಅದನ್ನೂ ಇದೇ ವೇಳೆಗೆ ಬದಲಿಸಿದೆ. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡೂ ಗಾಲಿಗಳನ್ನು ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಡಬ್ಬಿಯ ರಿಟರ್ನ್ ಮೂತಿಗೆ ಬೂಚು ಹಾಕಿ, ಹೋಸಿನ ತುದಿಯನ್ನು ಬಾಟಲಿಗೆ ಇಳಿಬಿಟ್ಟೆ. ಎಂಜಿನ್ ಶುರು ಮಾಡದೆ ಸ್ಟೇರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿದಂತೆಲ್ಲ ಕಂದು ಎಣ್ಣೆ ಹೊರಬಂದಿತು. ಡಬ್ಬಿ ಬರಿದಾಗದಂತೆ ಹೊಸದನ್ನು ಸುರಿಯುತ್ತ ಹೋಗಿ, ಕೆಂಪು ಕಾಣಿಸಿಕೊಳ್ಳುವಷ್ಟರಲ್ಲಿ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯಿತು.

ಗಾಡಿ ಸ್ಟ್ಯಾಂಡಿನ ಮೇಲಿದ್ದಾಗಲೇ ಗ್ಯಾರೇಜಿನವರು ಮಾಡದೆ ಬಿಟ್ಟ ಪರೀಕ್ಷೆಯನ್ನು ಮಾಡಿದೆ. ಬಲಬದಿಯ ಬೂಟಿನ ಒಳತುದಿಯ ಕ್ಲಿಪ್ಪನ್ನು ಪಕ್ಕಡದಿಂದ ಬಿಚ್ಚಿ, ಕೆಳಗೆ ಬಟ್ಟಲು ಹಿಡಿದು, ಬೂಟನ್ನು ಹಿಂದಕ್ಕೆ ಸರಿಸಿದೆ. ರ‍್ಯಾಕಿನ ತುದಿಯ ಸೀಲ್ ಹೋಗಿದ್ದರೆ ಎಣ್ಣೆ ಬೂಟಿನೊಳಗೇ ತುಂಬಿಕೊಂಡು, ಕ್ಲಿಪ್ ಬಿಚ್ಚಿದೊಡನೆ ಬಟ್ಟಲಿಗೆ ಸುರಿಯಬೇಕು. ಒಳಗೆ ಹಳೆಯ ಗ್ರೀಸು, ಒಂದಿಷ್ಟು ಧೂಳು. ಎಣ್ಣೆಯ ಒಂದು ಹನಿಯೂ ಇರಲಿಲ್ಲ. ಎಡಬದಿಯದ್ದೂ ಹಾಗೆಯೇ. ಬೂಟು ತೊಯ್ದದ್ದು ಹೊರಗಿನಿಂದ, ಎಂದರೆ ಎಣ್ಣೆ ಮೇಲೆ ಎಲ್ಲಿಂದಲೋ ಹರಿದು ಬಂದು ಅತಿ ತಗ್ಗಿನ ಆ ಜಾಗದಿಂದ ಹನಿಯುತ್ತಿದೆ. 16,500 ರೂಪಾಯಿಯ ಪ್ರಶ್ನೆಗೆ ಒಂದು ಕ್ಲಿಪ್ಪು ಬಿಚ್ಚಿದ್ದರಿಂದ ಉತ್ತರ ಸಿಕ್ಕಿತು.

ಆಮೇಲೆ ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಪಂಪು, ಕೊಳವೆ, ರ‍್ಯಾಕಿನ ಮೇಲ್ಮೈಯನ್ನು ಡೀಸೆಲ್ ಮತ್ತು ಬ್ರಷ್ಷಿನಿಂದ ಉಜ್ಜಿ, ಸಾಬೂನು ನೀರಿನಿಂದ ತೊಳೆದು, ಕೊನೆಗೆ 290 ರೂಪಾಯಿಯ ಬ್ರೇಕ್ ಕ್ಲೀನರ್ ಸಿಂಪಡಿಸಿ ಒಣಗಿಸಿದೆ. ಎರಿಮಣ್ಣು ಎಣ್ಣೆಯೊಡನೆ ಬೆರೆತು ಒಣಗಿದರೆ ಸಿಮೆಂಟಿಗಿಂತ ಕಡಿಮೆಯಿಲ್ಲ. ತೊಳೆಯುವುದಕ್ಕೇ ಮೂರು ತಾಸು ಹಿಡಿಯಿತು. ಈ ಕೆಲಸವನ್ನು ಜೂನ್ 9ರಂದೇ ಮಾಡಬೇಕಿತ್ತು.

ಜುಲೈ 14: ಪುಡಿಯ ಪರೀಕ್ಷೆ

ಒಣಗಿದ ಭಾಗಗಳ ಮೇಲೆಲ್ಲ ಬಿಳಿ ಪುಡಿ ಉದುರಿಸಿದರೆ ಎಣ್ಣೆ ಮೊದಲು ಮುಟ್ಟಿದ ಜಾಗ ಕಪ್ಪಾಗಿ ಕಾಣುತ್ತದೆ. ಪಕ್ಕದ ಮನೆಯ ಕಾಕಾ ರಂಗೋಲಿ ಪುಡಿ ಸಾಕೆಂದರು. ಅದು ಕಲ್ಲಿನ ಪುಡಿ, ಬೆಲ್ಟಿಗೂ ಪಂಪಿನ ಸೀಲಿಗೂ ಮರಳಿನಂತೆ ತಾಗೀತೆಂಬ ಅಂಜಿಕೆಯಿಂದ ಮೈಗೆ ಹಚ್ಚುವ ಪೌಡರನ್ನೇ ಬಳಸಿದೆ. ಒಂದು ಸಣ್ಣ ಬ್ರಷ್ಷಿನಿಂದ ಪಂಪಿನ ಹಿಂಭಾಗ, ಬ್ಯಾಂಜೊ ಬೋಲ್ಟ್ (ಹೋಸನ್ನು ಪಂಪಿಗೆ ಕೂಡಿಸುವ, ಎಣ್ಣೆ ಹಾಯುವ ಟೊಳ್ಳು ಬೋಲ್ಟ್), ಒತ್ತಡದ ಹೋಸಿನ ಎರಡೂ ತುದಿಯ ಲೋಹದ ಹಿಡಿ, ಅಲ್ಲಿಂದ ಇಳಿಯುವ ಉಕ್ಕಿನ ಕೊಳವೆ, ರ‍್ಯಾಕಿನ ವಾಲ್ವಿನ ನಟ್ಟುಗಳು, ಹೀಗೆ ಮೇಲಿನಿಂದ ಕೆಳಗಿನವರೆಗೆ ತೆಳ್ಳಗೆ ಹಚ್ಚಿದೆ.

ಲೈಸೆನ್ಸ್ ಇರುವ ಮಗಳನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಗಾಲಿಗಳು ನೆಲದ ಮೇಲಿರುವಂತೆಯೇ ಎಂಜಿನ್ ಶುರು ಮಾಡಿಸಿದೆ. ಮೊದಲ ಐದು ನಿಮಿಷ ಏನೂ ಕಾಣಲಿಲ್ಲ. ಸ್ಟೇರಿಂಗ್ ನೇರವಾಗಿದ್ದಾಗ ಒತ್ತಡ ಕಡಿಮೆ. ಪೂರ್ತಿ ತಿರುಗಿಸಿ ಹಿಡಿದಾಗ ಅದು ಹತ್ತಾರು ಬಾರ್‌ಗಳಿಗೆ ಏರುತ್ತದೆ. ಹಾಗೆ ಹೆಚ್ಚು ಹೊತ್ತು ಹಿಡಿದರೆ ಎಣ್ಣೆ ಕಾದು ಪಂಪಿಗೆ ಪೆಟ್ಟು. ಆದ್ದರಿಂದ “ಪೂರಾ ಹೊಳ್ಳಿಸವಾ, ಐದು ಎಣಿಸೂದ್ರಾಗ ಬಿಡು” ಎಂದೆ. ಮೂರನೆಯ ಸಲಕ್ಕೆ, ಹೋಸಿನ ಕೆಳತುದಿಯ ಹಿಡಿಯ ಅಂಚಿನಲ್ಲಿ, ರಬ್ಬರು ಲೋಹದೊಳಗೆ ಸೇರುವ ಜಾಗದಲ್ಲಿ, ಪುಡಿ ತೊಯ್ದು ಒಂದು ಕಪ್ಪು ಉಂಗುರ ಮೂಡಿತು. ಮತ್ತೊಮ್ಮೆ ತಿರುಗಿಸಿದಾಗ ಅಲ್ಲಿಂದ ಮಂಜಿನಂಥ ಸಣ್ಣ ಸಿಂಚನ ಹೊರಟು, ಉಕ್ಕಿನ ಕೊಳವೆಯ ಬೆನ್ನಗುಂಟ ಗೆರೆಯಾಗಿ ಇಳಿದು, ರ‍್ಯಾಕನ್ನು ಸೇರಿ, ಬೂಟಿನ ಕಡೆಗೆ ತಿರುಗಿತು. ಹನಿ ಬೀಳುವ ಜಾಗಕ್ಕೂ ಸೋರುವ ಜಾಗಕ್ಕೂ ನಡುವೆ, ಪಟ್ಟಿ ಹಿಡಿದು ಅಳೆದರೆ, 38 ಸೆಂ.ಮೀ. ಅಂತರವಿತ್ತು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಬರೆಯಲೇಬೇಕು. ಒತ್ತಡದ ಹೋಸನ್ನು ಎಂಜಿನ್ ನಡೆಯುವಾಗ ಬೆರಳಿನಿಂದ ತಡವಿ ನೋಡಬಾರದು; ಸೂಜಿಮೊನೆಯ ರಂಧ್ರದಿಂದ ಹೊರಡುವ ಎಣ್ಣೆ ಚರ್ಮದೊಳಗೆ ನುಗ್ಗಬಲ್ಲದು, ಅದು ಆಸ್ಪತ್ರೆಗೆ ಓಡಬೇಕಾದ ಗಾಯ. ಸಂಶಯವಿದ್ದಲ್ಲಿ ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಎರಡನೆಯದಾಗಿ, ನಾನು ನೋಡಿದ್ದು ಮೇಲಿನಿಂದ ಟಾರ್ಚ್ ಹಿಡಿದು; ಎಂಜಿನ್ ನಡೆಯುತ್ತಿರುವಾಗ, ಇನ್ನೊಬ್ಬರು ಸ್ಟೇರಿಂಗ್ ತಿರುಗಿಸುತ್ತಿರುವಾಗ ಗಾಡಿಯ ಕೆಳಗೆ ಮಲಗುವ ಧೈರ್ಯ ಯಾರೂ ಮಾಡಬಾರದು.

ಜುಲೈ 16ರಿಂದ 20: ಹೋಸು ಕಟ್ಟಿಸಿದ್ದು

ಹೊಸ ಒತ್ತಡದ ಹೋಸಿಗೆ 6,200 ರೂಪಾಯಿ, ಮೂರು ವಾರ ಕಾಯಬೇಕು ಎಂಬ ಉತ್ತರ ಬಂದಿತು. “ಟ್ರ್ಯಾಕ್ಟರಿನ ಹೋಸ್ ಮಾಡ್ತಾರಲ್ಲಪಾ, ಅಲ್ಲಿ ಒಯ್ಯಿ” ಎಂದು ಕಾಕಾ ಹೇಳಿದ ಮೇಲೆ, ಟ್ರ್ಯಾಕ್ಟರು, ಜೆ.ಸಿ.ಬಿ.ಗಳಿಗೆ ಹೈಡ್ರಾಲಿಕ್ ಹೋಸು ಒತ್ತಿಕೊಡುವ ಗೋಕುಲ ರಸ್ತೆಯ ಕಡೆಯ ಅಂಗಡಿಯೊಂದಕ್ಕೆ ಹೋದೆ.

ಹೋಸನ್ನು ಬಿಚ್ಚುವಾಗಲೇ ಒಂದು ಪೆಟ್ಟು ತಿಂದೆ. ರ‍್ಯಾಕಿನ ವಾಲ್ವಿಗೆ ಕೂರುವ 17ರ ನಟ್ಟಿಗೆ ಸಾಮಾನ್ಯ ಬಾಯಿಯ ಪಾನಾ ಹಾಕಿ ಎಳೆದೆ. ಅದರ ಎರಡು ಮೂಲೆಗಳು ಉರುಟಾದವು. ಮತ್ತೆ 380 ರೂಪಾಯಿ ಕೊಟ್ಟು, ಕೊಳವೆಯ ಮೇಲೆ ಹಾಯಿಸಿ ನಟ್ಟನ್ನು ಐದು ಬದಿಯಿಂದ ಹಿಡಿಯುವ ಸೀಳು ರಿಂಗ್ ಪಾನಾ ತಂದ ಮೇಲೆ, ನಟ್ಟು ಒಂದೇ ಎಳೆತಕ್ಕೆ ಸಡಿಲಾಯಿತು.

ಅಂಗಡಿಯವರು ಹಳೆಯ ಹಿಡಿಗಳನ್ನು ಕತ್ತರಿಸಿ, ಕಾರಿನದ್ದೇ ಉಕ್ಕಿನ ಕೊಳವೆಗಳ ತುದಿಗೆ ಹೊಸ ನಿಪ್ಪಲ್‌ಗಳನ್ನು ಹಿತ್ತಾಳೆ ಬೆಸುಗೆಯಿಂದ ಕೂಡಿಸಿ, ಉಕ್ಕಿನ ತಂತಿಯ ಹೆಣಿಗೆಯುಳ್ಳ ಹೊಸ ಹೋಸನ್ನು ಯಂತ್ರದಲ್ಲಿ ಒತ್ತಿ ಕೊಟ್ಟರು. 1,350 ರೂಪಾಯಿ. ಕತ್ತರಿಸಿದ ಹಳೆಯ ಹಿಡಿಯನ್ನು ಸೀಳಿಸಿ ನೋಡಿದೆ. ಒಳಗಿನ ರಬ್ಬರು ಗಾಜಿನಂತೆ ಗಟ್ಟಿಯಾಗಿ ಸುತ್ತಲೂ ಬಿರುಕು ಬಿಟ್ಟಿತ್ತು, ತಂತಿ ಇಲ್ಲದ ಹಳೆಯ ನೂಲಿನ ಹೆಣಿಗೆ ಎಣ್ಣೆ ಕುಡಿದು ಕಪ್ಪಾಗಿತ್ತು.

ಜುಲೈ 21

ಕೂಡಿಸಲು ಹೋದಾಗ ಎರಡು ತುದಿಗಳು ಹೊಂದಲಿಲ್ಲ. ಬಾಗಿದ ಕೊಳವೆಗಳಿದ್ದರೆ ಹೋಸಿನ ಉದ್ದವಷ್ಟೇ ಸಾಲದು, ಎರಡೂ ತುದಿಗಳು ಒಂದಕ್ಕೊಂದು ಯಾವ ಕೋನದಲ್ಲಿ ನಿಲ್ಲಬೇಕೆಂಬುದೂ ಗುರುತಾಗಿರಬೇಕು. ನಾನು ಉದ್ದವನ್ನು ಮಾತ್ರ, 46 ಸೆಂ.ಮೀ. ಎಂದು, ಬರೆದು ಕೊಟ್ಟಿದ್ದೆ. ಕತ್ತರಿಸುವ ಮೊದಲು ಹಳೆಯ ಹೋಸಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ನೇರ ಬಿಳಿ ಗೆರೆ ಎಳೆದಿದ್ದರೆ ಸಾಕಾಗುತ್ತಿತ್ತು. ತಿರುಚಿ ಕೂಡಿಸಿದರೆ ಹೋಸು ಎಂಜಿನ್ ಮೌಂಟಿಂಗಿಗೆ ತಾಗುತ್ತಿತ್ತು, ತಿರುಚಿನ ಬಲಕ್ಕೆ ನಟ್ಟು ತಾನೇ ಸಡಿಲಾಗುವ ಸಾಧ್ಯತೆಯೂ ಇತ್ತು. ಮರುದಿನ ಅಂಗಡಿಗೆ ಒಯ್ದು ಒಂದು ತುದಿಯನ್ನು ಮತ್ತೆ ಒತ್ತಿಸಿದೆ, 250 ರೂಪಾಯಿ. ಅವರ ತಪ್ಪಲ್ಲ, ನನ್ನದು.

ಜುಲೈ 28: ಕೂಡಿಸಿದ್ದು, ಗಾಳಿ ತೆಗೆದದ್ದು

ಹೋಸು ಸರಿಯಾಗಿ ಕೂತಿತು. ಆದರೆ ಪಂಪಿನ ಬ್ಯಾಂಜೊ ಬೋಲ್ಟಿನ ಎರಡು ತಾಮ್ರದ ವಾಷರುಗಳನ್ನು, ನೋಡಲು ಚೆನ್ನಾಗಿವೆಯೆಂದು, ಹಳೆಯವನ್ನೇ ಹಾಕಿಬಿಟ್ಟೆ. ಒಮ್ಮೆ ಒತ್ತಿಸಿಕೊಂಡ ತಾಮ್ರ ಎರಡನೆಯ ಸಲ ಹಾಗೆಯೇ ಒತ್ತಿಸಿಕೊಳ್ಳುವುದಿಲ್ಲ. ಪುಡಿ ಹಚ್ಚಿ ನೋಡಿದರೆ ಅಲ್ಲಿಯೇ ಜಿನುಗು. ಹೆಚ್ಚು ಬಿಗಿದರೆ ನಿಂತೀತೆಂಬ ಆಸೆಯನ್ನು ಅಡಗಿಸಿ, ಬಿಚ್ಚಿ, ನಾಲ್ಕು ಹೊಸ ವಾಷರುಗಳನ್ನು 60 ರೂಪಾಯಿಗೆ ತಂದು, ಎರಡನ್ನು ಹಾಕಿದೆ.

ಅದಕ್ಕಿಂತ ದೊಡ್ಡ ಅವಸರ ಎಂಜಿನ್ನಿನದ್ದು. ಡಬ್ಬಿ ತುಂಬಿಸಿದೊಡನೆ ಶುರು ಮಾಡಿ ಸ್ಟೇರಿಂಗ್ ತಿರುಗಿಸಿದೆ. ಬರಿದಾಗಿದ್ದ ಹೋಸು ಕ್ಷಣದಲ್ಲಿ ಡಬ್ಬಿಯನ್ನು ಹೀರಿತು, ಪಂಪು ಗಾಳಿ ಎಳೆದು ಕಿರುಚಿತು, ಎಣ್ಣೆಯೆಲ್ಲ ಕಡೆದ ಮಜ್ಜಿಗೆಯ ಮೇಲಿನ ನೊರೆಯಂತೆ ಉಕ್ಕಿ ಬೆಲ್ಟಿನ ಮೇಲೆ ಚೆಲ್ಲಿತು. ಎಂಜಿನ್ ನಿಲ್ಲಿಸಿ, ಬೆಲ್ಟನ್ನು ಒರೆಸಿ, ನೊರೆ ಇಳಿಯಲು ರಾತ್ರಿಯಿಡೀ ಬಿಟ್ಟೆ. ಮರುದಿನ ಬೆಳಗ್ಗೆ ಗಾಲಿಗಳನ್ನು ಎತ್ತಿ, ಎಂಜಿನ್ ಬಂದಿಟ್ಟುಕೊಂಡೇ, ಸ್ಟೇರಿಂಗನ್ನು ನಿಧಾನವಾಗಿ ಕೊನೆಯಿಂದ ಕೊನೆಗೆ ಇಪ್ಪತ್ತು ಸಲ ತಿರುಗಿಸಿದೆ. ಗುಳ್ಳೆಗಳು ಬರುತ್ತ ಹೋದಂತೆ ಮಟ್ಟ ಇಳಿಯಿತು, ತುಂಬುತ್ತ ಹೋದೆ. ಗುಳ್ಳೆ ನಿಂತ ಮೇಲೆಯೇ ಎಂಜಿನ್ ಶುರು ಮಾಡಿ ಹತ್ತು ಸಲ ತಿರುಗಿಸಿದೆ. ಎಣ್ಣೆ ತಿಳಿಯಾಗಿಯೇ ಉಳಿಯಿತು, ನರಳಾಟ ನಿಂತಿತು.

ಒಂದು ಹೊಸ ಸದ್ದು ಮಾತ್ರ ಸೇರಿಕೊಂಡಿದೆ. ಪೂರ್ತಿ ತಿರುಗಿಸುವಾಗ ಸಣ್ಣಗೆ ಗುಂಯ್‌ಗುಡುತ್ತದೆ. ಕಾರಿನ ಮೂಲ ಹೋಸು ಪಂಪಿನ ಮಿಡಿತವನ್ನು ತಾನು ಸ್ವಲ್ಪ ಹಿಗ್ಗಿ ನುಂಗಿಕೊಳ್ಳುವಂತೆ ಮಾಡಿರುತ್ತಾರೆ. ತಂತಿಯ ಹೈಡ್ರಾಲಿಕ್ ಹೋಸು ಬಿರುಸಾದದ್ದು, ಮಿಡಿತವನ್ನು ಹಾಗೆಯೇ ದಾಟಿಸುತ್ತದೆ. ಸಾಮಾನ್ಯ ಹೈಡ್ರಾಲಿಕ್ ಹೋಸು ತಾಳುವ ಬಿಸಿಯೂ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮಾತ್ರ, ಎಕ್ಸಾಸ್ಟಿನ ಹತ್ತಿರ ಹಾಯುವ ಗಾಡಿಗಳಲ್ಲಿ ಇದನ್ನು ಹಾಕಿಸಬಾರದು. ನಮ್ಮದರಲ್ಲಿ ಒಂದು ಗೇಣಿಗಿಂತ ಹೆಚ್ಚು ಅಂತರವಿದೆ ಎಂಬ ಧೈರ್ಯದಿಂದ ಉಳಿಸಿಕೊಂಡಿದ್ದೇನೆ. ಹಣವಿದ್ದವರು 6,200 ಕೊಟ್ಟು ಮೂಲ ಹೋಸನ್ನೇ ಹಾಕಿಸುವುದು ಒಳ್ಳೆಯದು.

ಆಗಸ್ಟ್ 11: ಲೆಕ್ಕ ಮತ್ತು ಉಳಿದ ಕೆಲಸ

ಗ್ಯಾರೇಜು 300, ಕ್ಲಿಪ್ 60, ಸಿರಿಂಜ್ 40, ನೀರಿನ ಹೋಸು 140, ಎಣ್ಣೆಯ ಹೋಸು 320, ಕ್ಲೀನರ್ 290, ಪಾನಾ 380, ಒತ್ತಡದ ಹೋಸು 1,350, ಮತ್ತೆ ಒತ್ತಿಸಿದ್ದು 250, ವಾಷರ್ 60, ಲೀಟರಿಗೆ 460ರಂತೆ ಎ.ಟಿ.ಎಫ್. ಮೂರು ಲೀಟರ್ 1,380. ಒಟ್ಟು 4,570 ರೂಪಾಯಿ. ಇದರಲ್ಲಿ ನೀರಿನ ಹೋಸು, ಮತ್ತೆ ಒತ್ತಿಸಿದ್ದು, ಚೆಲ್ಲಿದ ಮತ್ತು ಸೋರಿದ ಸುಮಾರು ಒಂದು ಲೀಟರ್ ಎಣ್ಣೆ ಸೇರಿ 850 ರೂಪಾಯಿ ನನ್ನ ಅವಸರಕ್ಕೆ ಕೊಟ್ಟ ಬೆಲೆ.

ಎರಡು ವಾರಗಳಲ್ಲಿ 620 ಕಿ.ಮೀ. ಓಡಿದೆ, ಫರಸಿಯ ಮೇಲೆ ಹನಿ ಬಿದ್ದಿಲ್ಲ, ರ‍್ಯಾಕಿನ ಬೂಟು ಒಣಗಿದೆ. ಆದರೆ ಪಂಪಿನ ಪುಲ್ಲಿಯ ಹಿಂದೆ, ಶಾಫ್ಟಿನ ಸುತ್ತ, ಬೆರಳಿಗೆ ಹತ್ತುವಷ್ಟು ತೇವವಿದೆ. ಪುಲ್ಲಿಯ ನೇರಕ್ಕೆ ಬಾನೆಟ್ಟಿನ ಒಳಬದಿಯಲ್ಲಿ ಎಣ್ಣೆ ಸಿಡಿದ ಗೆರೆ ಇನ್ನೂ ಕಾಣದಿರುವುದರಿಂದ ಶಾಫ್ಟಿನ ಸೀಲ್ ಪೂರ್ತಿ ಹೋಗಿಲ್ಲವೆಂದು ತಿಳಿದಿದ್ದೇನೆ. ಸೀಲನ್ನು ಊದಿಸಿ ಸೋರಿಕೆ ನಿಲ್ಲಿಸುವ ಡಬ್ಬಿಯ ಔಷಧವನ್ನು ಸುರಿಯಲು ಅಂಗಡಿಯವರು ಹೇಳಿದರು. ಚೆನ್ನಾಗಿರುವ ಉಳಿದ ಸೀಲುಗಳೂ ಅದರಲ್ಲಿ ನೆನೆಯುತ್ತವೆ ಎಂಬ ಕಾರಣಕ್ಕೆ ಬೇಡವೆಂದೆ. ಪಂಪನ್ನು ಇಳಿಸಿ ಸೀಲ್ ಬದಲಿಸಲು ಪುಲ್ಲಿ ಎಳೆಯುವ ಸಾಧನ ಬೇಕು, ಅದು ನನ್ನಲ್ಲಿಲ್ಲ. ಡಬ್ಬಿಯ ಮೇಲೆ ಜುಲೈ 29ರ ಮಟ್ಟಕ್ಕೆ ಬಿಳಿ ಪೇಂಟಿನ ಗೆರೆ ಎಳೆದಿದ್ದೆ. ಇಂದು ಬೆಳಗ್ಗೆ, ಎಂಜಿನ್ ತಣ್ಣಗಿದ್ದಾಗ, ಎಣ್ಣೆ ಗೆರೆಗಿಂತ 2 ಮಿ.ಮೀ. ಕೆಳಗಿದೆ.